ಹಿತ್ತಲ ಕಟ್ಟೆಯ ಮೇಲಿನ ಲೋಟ

ಮಕ್ಕಳೇ, ನಾನು ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕೆಲವು ವರ್ಷ ಹರಿಹರದಲ್ಲಿ, ಉಳಿದದ್ದು ದಾವಣಗೆರೆಯಲ್ಲಿ. ಆಗ ಕಂಪ್ಯೂಟರ್ ಇರಲಿಲ್ಲ. ಸಂಜೆ ಜಮಾ-ಖರ್ಚು ತಾಳೆಯಾಗದೆ ಹತ್ತು ಪೈಸೆ ವ್ಯತ್ಯಾಸ ಬಂದರೂ ಅದು ಸಿಗುವವರೆಗೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಅಂಥ ವ್ಯತ್ಯಾಸ ಹುಡುಕುವುದರಲ್ಲಿ ನಾನು ಎತ್ತಿದ ಕೈ ಎಂದು ನನಗೆ ಸ್ವಲ್ಪ ಜಂಬವೇ ಇತ್ತು. ಈ ದಸರಾ ರಜೆಯಲ್ಲಿ ಆ ಜಂಬ ಇಳಿಯಿತು. ನಮ್ಮ ಮನೆಯ ಲೆಕ್ಕದಲ್ಲೇ ಹನ್ನೊಂದು ವರ್ಷದಿಂದ ಕೂತಿದ್ದ ಒಂದು ವ್ಯತ್ಯಾಸವನ್ನು ಏಳನೇ ತರಗತಿಯ ನನ್ನ ಮೊಮ್ಮಗಳು ಸಿರಿ ಮೂರೇ ದಿನದಲ್ಲಿ ಹಿಡಿದಳು.

ಸಿರಿ ಬೆಂಗಳೂರಿನಿಂದ ಬರುವಾಗ ಶಾಲೆಯ ಕೆಲಸವನ್ನೂ ಹೊತ್ತು ತಂದಿದ್ದಳು. "ಒಂದು ಮನೆಯನ್ನು ಮೂರು ದಿನ ಗಮನಿಸಿ. ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಬರೆಯಿರಿ. ಒಳ್ಳೆಯದು, ಕೆಟ್ಟದ್ದು ಎಂದು ತೀರ್ಪು ಬರೆಯಬೇಡಿ." ಇಷ್ಟೇ.

"ಅಜ್ಜಾ, ಇದೂ ಒಂದು ಪಾಠವಾ? ಮನೇಲಿ ಏನಿರುತ್ತೆ ನೋಡೋಕೆ?" ಎಂದು ಮೂತಿ ಉಬ್ಬಿಸಿದಳು.

"ಇದು ಪಾಠ ಅಷ್ಟೇ ಅಲ್ಲ ಪುಟ್ಟಿ, ದೊಡ್ಡ ಶಾಸ್ತ್ರ. ಇದಕ್ಕೆ ಮಾನವಶಾಸ್ತ್ರ ಅಂತಾರೆ. ಇದರಲ್ಲಿ ಜಗತ್ತೇ ಮೆಚ್ಚಿದ ಒಬ್ಬರು ನಮ್ಮ ಮೈಸೂರಿನವರು" ಎಂದೆ. ಆ ರಾತ್ರಿ ಊಟವಾದ ಮೇಲೆ ಅವಳಿಗೆ ಹೇಳಿದ ಕಥೆಯನ್ನು ನಿಮಗೂ ಹೇಳುತ್ತೇನೆ.

ಅವರ ಹೆಸರು ಎಂ.ಎನ್. ಶ್ರೀನಿವಾಸ್. ಹುಟ್ಟಿದ್ದು 1916ರಲ್ಲಿ, ಮೈಸೂರಿನಲ್ಲಿ. ಬೊಂಬಾಯಿಯಲ್ಲಿ ಓದಿ, ಆಮೇಲೆ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಓದಿದರು. ಆ ಕಾಲದಲ್ಲಿ ಮಾನವಶಾಸ್ತ್ರಜ್ಞರು ಎಂದರೆ ಹಡಗು ಹತ್ತಿ ದೂರದ ದ್ವೀಪಕ್ಕೋ ಕಾಡಿಗೋ ಹೋಗುವವರು. ಮಲಿನೋವ್‌ಸ್ಕಿ ಎಂಬ ಪಂಡಿತರು ಮೊದಲ ಮಹಾಯುದ್ಧದ ಕಾಲದಲ್ಲಿ ಟ್ರೋಬ್ರಿಯಾಂಡ್ ದ್ವೀಪಗಳಿಗೆ ಹೋಗಿ, ಅಲ್ಲಿನವರ ಗುಡಿಸಲುಗಳ ನಡುವೆಯೇ ಡೇರೆ ಹಾಕಿಕೊಂಡು ಇದ್ದರು. ಅವರ ಭಾಷೆ ಕಲಿತು, ಅವರ ದಿನಚರಿ ನೋಡಿ ಬರೆದರು. ಶ್ರೀನಿವಾಸರು ಹಾಗೆ ಸಮುದ್ರ ದಾಟಲಿಲ್ಲ. 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಗೆ ಹೋಗಿ ತಿಂಗಳುಗಟ್ಟಲೆ ಉಳಿದರು. ಊರಿನ ಮುಖಂಡರಿಗೆ ಸೇರಿದ, ಎತ್ತು ಕಟ್ಟುವ ಮನೆಯಲ್ಲಿ ಅವರ ವಾಸ. ಯಾರು ಯಾರ ಮನೆಯಲ್ಲಿ ಉಣ್ಣುತ್ತಾರೆ, ಯಾರು ಜಗುಲಿಯ ಮೇಲೆ ಕೂರುತ್ತಾರೆ, ಯಾರು ಅಂಗಳದಲ್ಲೇ ನಿಲ್ಲುತ್ತಾರೆ, ಜಗಳವಾದರೆ ಯಾರ ಮಾತು ನಡೆಯುತ್ತದೆ ಎಂದೆಲ್ಲ ನೋಡಿ ನೋಡಿ ಬರೆದುಕೊಂಡರು.

ನೋಡಲು ಹೋದವರನ್ನು ಊರವರೂ ಬಿಡದೆ ನೋಡುತ್ತಿದ್ದರು. ಶ್ರೀನಿವಾಸರಿಗೆ ಸ್ನಾನ ಮಾಡಿದ ಮೇಲೆ ಗಡ್ಡ ಹೆರೆದುಕೊಳ್ಳುವ ಅಭ್ಯಾಸ. ಊರಿನ ಹಿರಿಯರಿಗೆ ಇದು ಸರಿಬರಲಿಲ್ಲ. ಕ್ಷೌರ ಮೊದಲು, ಸ್ನಾನ ಆಮೇಲೆ ಎಂಬುದು ಅವರ ಕ್ರಮ. ಅಷ್ಟು ಓದಿದ ಪ್ರೊಫೆಸರರಿಗೇ ಹಳ್ಳಿಯವರು ಬುದ್ಧಿ ಹೇಳಿದರು! ಸಿರಿಗೆ ಈ ಭಾಗ ಬಹಳ ಹಿಡಿಸಿತು.

ಹಾಗೆ ಬರೆದುಕೊಂಡ ಟಿಪ್ಪಣಿಗಳನ್ನು ಶ್ರೀನಿವಾಸರು ವರ್ಷಗಟ್ಟಲೆ ವಿಂಗಡಿಸಿ, ಜೋಡಿಸಿ, ಮೂರು ಪ್ರತಿ ಮಾಡಿ ಇಟ್ಟಿದ್ದರು. ಪುಸ್ತಕ ಬರೆಯಲೆಂದು ಅಮೆರಿಕದ ಸ್ಟ್ಯಾನ್‌ಫರ್ಡಿಗೆ ಹೋದಾಗ ಮೂರನ್ನೂ ಜೊತೆಗೇ ಒಯ್ದರು. 1970ರ ಏಪ್ರಿಲ್ 24ರಂದು ಅಲ್ಲಿನ ಕಟ್ಟಡಕ್ಕೆ ಯಾರೋ ಬೆಂಕಿ ಇಟ್ಟರು. ಮೂರೂ ಪ್ರತಿ ಸುಟ್ಟುಹೋದವು. ನಮ್ಮ ಬ್ಯಾಂಕಿನಲ್ಲಿ ಒಂದು ಲೆಡ್ಜರ್ ಕಾಣೆಯಾದರೆ ಕೈಕಾಲು ನಡುಗುತ್ತಿದ್ದವು. ಇವರದು ಹದಿನೆಂಟು ವರ್ಷದ ದುಡಿಮೆ. ಆಗ ಸೋಲ್ ಟ್ಯಾಕ್ಸ್ ಎಂಬ ಇನ್ನೊಬ್ಬ ಮಾನವಶಾಸ್ತ್ರಜ್ಞರು, "ನೆನಪಿನಿಂದಲೇ ಬರೆಯಿರಿ" ಎಂದು ಧೈರ್ಯ ಹೇಳಿದರು. ಶ್ರೀನಿವಾಸರು ಬರೆದರು. 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಬಂತು. ಎಂದರೆ, ನೆನಪಿನಲ್ಲಿ ಉಳಿದ ಹಳ್ಳಿ. ಅದರಲ್ಲಿ ಆ ಹಳ್ಳಿಯನ್ನು ರಾಂಪುರ ಎಂದು ಕರೆದಿದ್ದಾರೆ. ನಿಜವಾದ ಹೆಸರು ಅದಲ್ಲ. ಮನೆಯೊಳಗಿನ ಮಾತನ್ನು ನಂಬಿ ಹೇಳಿದವರಿಗೆ ತೊಂದರೆಯಾಗಬಾರದೆಂದು ಈ ಶಾಸ್ತ್ರದವರು ಹೆಸರು ಬದಲಿಸಿ ಬರೆಯುವುದುಂಟು.

ಅವರ ಇನ್ನೊಂದು ನೆನಪು ನನಗೆ ಇದಕ್ಕಿಂತ ಹೆಚ್ಚು ಮುಖ್ಯ. ತನಗೆ ಮೊದಲ ಬಾರಿ ಬೇರೊಂದು ಲೋಕ ಕಂಡು ಬೆರಗಾದದ್ದು ಆಕ್ಸ್‌ಫರ್ಡಿನಲ್ಲಲ್ಲ, ಮೈಸೂರಿನ ಮನೆಯ ಹಿಂದಿದ್ದ ಬಂಡಿಕೇರಿಯಲ್ಲಿ ಎಂದು ಅವರು ಬರೆದುಕೊಂಡಿದ್ದಾರೆ. ಅಲ್ಲಿ ಕುರುಬರ ಮನೆಗಳಿದ್ದವು. ಹಿತ್ತಲ ಗೋಡೆಯಿಂದ ನಾಲ್ಕು ಹೆಜ್ಜೆ. ಊಟ, ವಾಸನೆ, ಮಾತು, ಹಬ್ಬ ಎಲ್ಲವೂ ಬೇರೆ. ಇಷ್ಟು ವರ್ಷ ಪಕ್ಕದಲ್ಲೇ ಇದ್ದೂ ಅದು ತನಗೆ ಗೊತ್ತೇ ಇರಲಿಲ್ಲವಲ್ಲ ಎಂಬುದು ಅವರ ಬೆರಗು.

"ಹಾಗಾದ್ರೆ ನಾನೂ ಹಿತ್ತಲಿಂದಲೇ ಶುರು ಮಾಡ್ತೀನಿ" ಎಂದಳು ಸಿರಿ.

ಮಾರನೇ ದಿನ ಬೆಳಿಗ್ಗೆ ನೋಟುಬುಕ್ಕು ಹಿಡಿದು ಹಿತ್ತಲ ಬಾಗಿಲಲ್ಲಿ ಕುಳಿತಳು. ನಮ್ಮ ಮನೆಗೆ ಗೌರಮ್ಮ ಎಂಬವರು ಕೆಲಸಕ್ಕೆ ಬರುತ್ತಾರೆ. (ಅವರ ಹೆಸರು ಇದಲ್ಲ.) ಬಂದು ಹನ್ನೊಂದು ವರ್ಷವಾಯಿತು. ಮೊದಲು ಪಾತ್ರೆ, ಕಸ, ಬಟ್ಟೆ. ಎರಡು ವರ್ಷದ ಹಿಂದೆ ನನ್ನ ಹೆಂಡತಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತ ಮೇಲೆ ಅವರ ಸ್ನಾನ, ಊಟ, ಕೈಕಾಲಿಗೆ ಎಣ್ಣೆ ತಿಕ್ಕುವುದು ಎಲ್ಲವೂ ಗೌರಮ್ಮನವರದೇ.

ಮೂರು ದಿನವಾದ ಮೇಲೆ ಸಿರಿ ನನಗೆ ನೋಟುಬುಕ್ಕು ತೋರಿಸಿದಳು. ಕೆಲವು ಸಾಲು ಇಲ್ಲಿವೆ:

"7-10: ಗೌರಮ್ಮ ಆಂಟಿ ಹಿತ್ತಲ ಬಾಗಿಲಿನಿಂದ ಬಂದರು. ಹಾಲಿನವರು, ಪೇಪರಿನವರು, ಗ್ಯಾಸಿನವರು ಮುಂದಿನ ಬಾಗಿಲಿಗೆ ಬಂದರು.

7-25: ಅಜ್ಜ ಚಹಾ ಸೋಸಿದರು. ನಾಲ್ಕು ಲೋಟ. ಮೂರು ಲೋಟ ಅಡುಗೆಮನೆ ಸ್ಟ್ಯಾಂಡಿನದು. ಒಂದು ಲೋಟ ಹಿತ್ತಲ ಕಟ್ಟೆಯ ಮೇಲೆ ಇರುತ್ತದೆ. ಅದು ಒಳಗೆ ಬರುವುದಿಲ್ಲ.

8-00: ಆಂಟಿ ಅಜ್ಜಿಗೆ ಸ್ನಾನ ಮಾಡಿಸಿದರು, ತಲೆ ಬಾಚಿದರು, ಇಡ್ಲಿ ತಿನ್ನಿಸಿದರು.

ಅಜ್ಜ ಹಾಲಿನವರಿಗೆ 'ಬನ್ನಿ' ಎನ್ನುತ್ತಾರೆ. ಹಾಲಿನವರಿಗೆ 24 ವರ್ಷ. ಗೌರಮ್ಮ ಆಂಟಿಗೆ 'ಬಾ', 'ಹೋಗು' ಎನ್ನುತ್ತಾರೆ. ಆಂಟಿಗೆ 52 ವರ್ಷ ಇರಬಹುದು ಎಂದು ಆಂಟಿಯೇ ಹೇಳಿದರು."

ಓದಿ ನನಗೆ ಮೊದಲು ಬಂದದ್ದು ಸಿಟ್ಟು. "ನಮ್ಮ ಮನೇಲಿ ಯಾರೂ ಜಾತಿಗೀತಿ ನೋಡೋದಿಲ್ಲ, ತಿಳೀತಾ?" ಎಂದೆ, ಸ್ವಲ್ಪ ಜೋರಾಗಿಯೇ.

"ನಾನು ಜಾತಿ ಅಂತ ಬರೆದೇ ಇಲ್ಲ ಅಜ್ಜಾ. ಲೋಟ ಅಂತ ಬರೆದಿದೀನಿ" ಎಂದಳು.

ಉತ್ತರ ಹೊಳೆಯಲಿಲ್ಲ. ಹೆಂಡತಿಗೆ ಕಾಯಿಲೆಯಾದ ಮೇಲೆ ಚಹಾ ಸೋಸುವವನು ನಾನೇ. ಎರಡು ವರ್ಷ, ದಿನಕ್ಕೆ ಎರಡು ಸಲ, ಹಿತ್ತಲ ಕಟ್ಟೆಯವರೆಗೆ ಹೋಗಿ ಆ ಲೋಟಕ್ಕೆ ಮೇಲಿನಿಂದ ಚಹಾ ಸುರಿದು ಬಂದಿದ್ದೇನೆ. ನನ್ನ ಹೆಂಡತಿಯ ಬಾಯಿಗೆ ತುತ್ತು ಇಡುವ ಕೈಗೆ ನಾನು ಬೇರೆ ಲೋಟ ಕೊಡುತ್ತಿದ್ದೆ. ಇದು ಒಮ್ಮೆಯೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆದರೂ ಮನಸ್ಸು ವಾದ ಮಾಡುತ್ತಲೇ ಇತ್ತು. ಒಂದನೇ ತಾರೀಖಿಗೆ ತಪ್ಪದೆ ಸಂಬಳ ಕೊಡುತ್ತೇನೆ, ದೀಪಾವಳಿಗೆ ಸೀರೆ ಕೊಡುತ್ತೇನೆ, ಇನ್ನೇನು ಬೇಕು? ಆಗ ನೆನಪಾದದ್ದು ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಹೆಣ್ಣುಮಗಳ ಕೆಲಸ. ಆಕೆ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ. ಹಿಟ್ಲರನ ಕಾಟದಿಂದ ಪಾರಾಗಿ ಇಂಗ್ಲೆಂಡು ಸೇರಿ, ಬಟ್ಟೆ ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಓದಿದವರು. 1954ರಲ್ಲಿ ನಮ್ಮ ಮಂಡ್ಯ ಸೀಮೆಗೆ ಬಂದು ಎರಡು ಹಳ್ಳಿಗಳನ್ನು ಅಭ್ಯಾಸ ಮಾಡಿದರು. ಒಂದು ಹಳ್ಳಿಗೆ ನಾಲೆ ನೀರು ಬಂದಿತ್ತು, ಗದ್ದೆ-ಕಬ್ಬು ಆಗುತ್ತಿತ್ತು. ಇನ್ನೊಂದು ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ. ಭದ್ರಾ ನಾಲೆ ಬಂದ ಹಳ್ಳಿ, ಬಾರದ ಹಳ್ಳಿ ಎರಡನ್ನೂ ಬಲ್ಲ ನಮ್ಮ ಕಡೆಯವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಯಾವ ಹಳ್ಳಿ ಹೆಚ್ಚು ಬದಲಾಗಿರಬೇಕು ಹೇಳಿ? ನೀರು ಬಂದದ್ದು ಎಂದು ನಾನೂ ಅಂದುಕೊಂಡಿದ್ದೆ. ಆದರೆ ನೀರು ಬಂದ ಹಳ್ಳಿಯಲ್ಲಿ ಹಣ ಬಂತೇ ಹೊರತು, ಒಡೆಯನ ಮನೆಗೂ ದಲಿತ ಆಳಿನ ಮನೆಗೂ ತಲೆತಲಾಂತರದಿಂದ ಇದ್ದ ಕಟ್ಟುಪಾಡು ಹಾಗೆಯೇ ಉಳಿಯಿತು. ನೀರು ಬಾರದ ಹಳ್ಳಿಯವರು ಮಂಡ್ಯದ ಕಾರ್ಖಾನೆಗೆ ಹೋದರು, ಗಾಡಿ ಹೊಡೆದರು, ವ್ಯಾಪಾರ ಹಿಡಿದರು. ಅಲ್ಲಿ ಹಳೆಯ ಕಟ್ಟು ಸಡಿಲವಾಯಿತು. ಅಂದರೆ ಹಣ ಬಂದ ಮಾತ್ರಕ್ಕೆ ಯಾರು ಎಲ್ಲಿ ಕೂರಬೇಕು ಎಂಬುದು ತಾನಾಗಿ ಬದಲಾಗುವುದಿಲ್ಲ. ನನ್ನ ಒಂದನೇ ತಾರೀಖಿನ ಸಂಬಳಕ್ಕೂ ಈ ಮಾತು ಸಲ್ಲುತ್ತದೆ.

ಇನ್ನೊಂದು ನಾಚಿಕೆ. ನಾವಿರುವ ಬಡಾವಣೆಗೆ ದೇವರಾಜ ಅರಸು ಅವರ ಹೆಸರು. ನಾಡಿನಲ್ಲಿ ಯಾರು ಹಿಂದುಳಿದಿದ್ದಾರೆ, ಎಷ್ಟು ಹಿಂದುಳಿದಿದ್ದಾರೆ ಎಂದು ತಿಳಿಯಲು ಅವರು ಮುಖ್ಯಮಂತ್ರಿಯಾದ ವರ್ಷವೇ, 1972ರಲ್ಲಿ, ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಆಯೋಗ ಮಾಡಿದರು. ಆಯೋಗ ಸಮೀಕ್ಷೆ ಮಾಡಿ 1975ರಲ್ಲಿ ವರದಿ ಕೊಟ್ಟಿತು. ಅವರ ಹೆಸರಿರುವ ವಿಳಾಸವನ್ನು ಎಷ್ಟೋ ವರ್ಷದಿಂದ ಬರೆಯುತ್ತಿದ್ದೇನೆ. ನನ್ನ ಹಿತ್ತಲಿನ ಸಮೀಕ್ಷೆಗೆ ಮೊಮ್ಮಗಳೇ ಬರಬೇಕಾಯಿತು.

ಆ ರಾತ್ರಿ ಹೆಂಡತಿಯನ್ನು ಕೇಳಿದೆ. ಲಕ್ವದ ನಂತರ ಅವರ ಮಾತು ನಿಧಾನ. "ಆ ಲೋಟ ಇಟ್ಟದ್ದು ನಿಮ್ಮವ್ವ. ಗೌರಮ್ಮ ಬಂದ ಮೊದಲ ದಿನವೇ. ಅವರ ಎದುರು ನಾನು ಮಾತಾಡಲಿಲ್ಲ. ಅವರು ಹೋಗಿ ಒಂಬತ್ತು ವರ್ಷ ಆಯ್ತು. ಲೋಟ ಒಳಗೆ ತರಬೇಕು ಅಂತ ನಂಗೂ ಅನ್ನಿಸಲಿಲ್ಲ, ನಿಮಗೂ ಅನ್ನಿಸಲಿಲ್ಲ."

ಮಾರನೇ ಬೆಳಿಗ್ಗೆ ನಾಲ್ಕೂ ಚಹಾವನ್ನು ಒಳಗಿನ ಲೋಟಕ್ಕೇ ಸೋಸಿದೆ. ಒಂದನ್ನು ಗೌರಮ್ಮನವರ ಕೈಗೆ ಕೊಟ್ಟು, "ತಗೊಳ್ಳಿ, ಇನ್ಮೇಲೆ ಇಲ್ಲೇ ಕೂತು ಕುಡೀರಿ" ಎಂದೆ. ಏನೋ ದೊಡ್ಡ ಕೆಲಸ ಮಾಡಿದೆನೆಂದು ಎದೆಯುಬ್ಬಿಸಿ ನಿಂತಿದ್ದೆ ಅನ್ನಿ. ಅವರು ಲೋಟವನ್ನೂ ನನ್ನನ್ನೂ ನೋಡಿದರು.

"ಬ್ಯಾಡ್ರೀ ಯಜಮಾನ್ರೇ. ನಂದು ಆ ಲೋಟಾನೇ ಇರ್ಲಿ. ಅದು ದೊಡ್ಡದೈತಿ, ಚಾ ಜಾಸ್ತಿ ಹಿಡೀತೈತಿ. ಇದ್ರಾಗ ನಾಕು ಗುಟುಕೂ ಆಗಂಗಿಲ್ಲ."

ಸಿರಿ ನಕ್ಕು ನಕ್ಕು ಬಿದ್ದಳು. ಒಳಗಿನಿಂದ ಅವಳ ಅಜ್ಜಿಯೂ ನಕ್ಕದ್ದು ಕೇಳಿಸಿತು. ಹಳ್ಳಿಯವರು ಗಡ್ಡದ ವಿಷಯದಲ್ಲಿ ಶ್ರೀನಿವಾಸರಿಗೆ ಬುದ್ಧಿ ಹೇಳಿದ ಹಾಗೆ ನನಗೂ ಆಯಿತು. ಗೌರಮ್ಮನವರಿಗೆ ಏನು ಬೇಕು ಎಂದು ನಾನೇ ತೀರ್ಮಾನಿಸಿದ್ದೆ, ಅವರನ್ನು ಕೇಳಿರಲಿಲ್ಲ. ಕೇಳಿದವಳು ಸಿರಿ.

"ಆಂಟೀ, ಹಾಗಾದ್ರೆ ನಿಮಗೇನು ಬೇಕು?"

ಗೌರಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಸೆರಗಿನಿಂದ ಕೈ ಒರೆಸಿಕೊಂಡರು. "ಅಜ್ಜಾರು ಬ್ಯಾಸರ ಮಾಡ್ಕಬಾರ್ದು. ವಾರಕ್ಕೊಂದು ದಿನ ರಜಾ ಕೊಟ್ರೆ ಸಾಕವ್ವಾ. ನಮ್ಮವ್ವನ್ನ ನೋಡ್ಕಬೇಕು" ಎಂದರು.

ಮಕ್ಕಳೇ, ಆಗ ತಿಳಿದದ್ದು ಇದು. ಗೌರಮ್ಮನವರ ತಾಯಿಯೂ ಹಾಸಿಗೆ ಹಿಡಿದಿದ್ದಾರೆ. ಇವರು ನನ್ನ ಹೆಂಡತಿಯನ್ನು ನೋಡಿಕೊಳ್ಳಲು ಬಂದಾಗ ಆ ಮುದುಕಿಯ ಬಳಿ ಕೂರುವುದು ಇವರ ಮಗಳು. ಹತ್ತನೇ ತರಗತಿ ಪಾಸಾಗಿದ್ದರೂ ಆ ಹುಡುಗಿ ಕಾಲೇಜಿಗೆ ಹೋಗಿಲ್ಲ. ನಮ್ಮ ಮನೆಯ ಆರೈಕೆಯ ಬೆಲೆಯನ್ನು ನಾನು ಒಂದನೇ ತಾರೀಖಿಗೆ ತೀರಿಸಿದ್ದೇನೆ ಎಂದುಕೊಂಡಿದ್ದೆ. ಅದರ ಒಂದು ಕಂತನ್ನು ನಾನು ಮುಖವನ್ನೇ ನೋಡದ ಹುಡುಗಿ ಕಟ್ಟುತ್ತಿದ್ದಳು. ಆರ್ಲಿ ಹಾಕ್‌ಶೀಲ್ಡ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ ಇದನ್ನು ಆರೈಕೆಯ ಸರಪಳಿ ಎಂದು ಕರೆದಿದ್ದಾರೆ. ಬಡ ದೇಶದ ತಾಯಿ ಶ್ರೀಮಂತ ದೇಶಕ್ಕೆ ಹೋಗಿ ಬೇರೆಯವರ ಮಗುವನ್ನು ಸಾಕುತ್ತಾಳೆ. ಊರಿನಲ್ಲಿ ಅವಳ ಮಗುವನ್ನು ಅಜ್ಜಿಯೋ ಅಕ್ಕನೋ ಸಾಕುತ್ತಾರೆ. ಕೊನೆಯ ಕೊಂಡಿಯಲ್ಲಿರುವವರಿಗೆ ಸಂಬಳವೇ ಇರುವುದಿಲ್ಲ. ಆ ಸರಪಳಿಯ ಒಂದು ತುಂಡು ದಾವಣಗೆರೆಯ ರೈಲ್ವೆ ಹಳಿಯ ಆಚೆಯಿಂದ ನಮ್ಮ ಹಿತ್ತಲವರೆಗೂ ಇತ್ತು.

ರಜೆಯ ಮಾತು ಕೇಳಿ ನನಗೆ ಇನ್ನೊಂದು ಪೆಟ್ಟು. ನಾನು ಯೂನಿಯನ್ನಿನಲ್ಲಿದ್ದವನು. ರಜೆ, ಬೋನಸ್ಸು, ಕೆಲಸದ ವೇಳೆ ಎಂದು ಘೋಷಣೆ ಕೂಗಿದವನು. 2015ರಿಂದ ಬ್ಯಾಂಕುಗಳಿಗೆ ಎರಡನೇ, ನಾಲ್ಕನೇ ಶನಿವಾರ ರಜೆ ಸಿಕ್ಕಾಗ, ನಿವೃತ್ತನಾಗಿದ್ದರೂ, ನಮ್ಮವರು ಗೆದ್ದರೆಂದು ಪೇಡೆ ಹಂಚಿದವನು. ಆ ಪೇಡೆಯನ್ನು ಗೌರಮ್ಮನವರಿಗೂ ಕೊಟ್ಟ ನೆನಪಿದೆ. ಅವರಿಗೆ ಭಾನುವಾರವೂ ಇರಲಿಲ್ಲ.

ಈಗ ಭಾನುವಾರ ಗೌರಮ್ಮನವರಿಗೆ ರಜೆ. ಸಂಬಳ ಕಡಿತ ಇಲ್ಲ. ಮೊದಲ ಭಾನುವಾರದ ಕಥೆ ಕೇಳಿ. ಬಿಸಿನೀರು ಹದ ಮಾಡಲು ಬರಲಿಲ್ಲ. ರವಿಕೆ ತೊಡಿಸುವಾಗ ಸೋತ ಕೈಯನ್ನು ಮೊದಲು ತೋಳಿಗೆ ಹಾಕಬೇಕು, ಗಟ್ಟಿ ಕೈ ಆಮೇಲೆ. ನಾನು ತಿರುಗಾಮುರುಗಾ ಮಾಡಿ ಹೆಂಡತಿಗೆ ನೋವು ಮಾಡಿದೆ. ತಲೆಯ ಸಿಕ್ಕು ಬಿಡಿಸಲು ಹತ್ತೊಂಬತ್ತು ನಿಮಿಷ ಹಿಡಿಯಿತು. ಸಿರಿ ಗಡಿಯಾರ ನೋಡಿ ಬರೆದಳು. "ಗೌರಮ್ಮ ಬುಡ ಹಿಡಿದುಕೊಂಡು ತುದಿಯಿಂದ ಬಾಚ್ತಾಳೆ" ಎಂದರು ನನ್ನ ಹೆಂಡತಿ. ಕೂಡಲೇ ಸಿರಿಯ ಮುಖ ನೋಡಿ "ಬಾಚ್ತಾರೆ" ಎಂದು ತಿದ್ದಿಕೊಂಡರು. ಮಧ್ಯಾಹ್ನದ ಹೊತ್ತಿಗೆ ನನ್ನ ಸೊಂಟ ಬಿದ್ದುಹೋಯಿತು. ಇದಕ್ಕೆಲ್ಲ ಕೈಚಳಕ ಬೇಕು, ಕಲಿತಿರಬೇಕು ಎಂದು ನನಗೆ ಗೊತ್ತಾದದ್ದು ಎಪ್ಪತ್ತು ದಾಟಿದ ಮೇಲೆ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. 2019ರಲ್ಲಿ ಕೇಂದ್ರ ಸರ್ಕಾರ ದೇಶದ ಜನ ಹೊತ್ತು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಆಗ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಮಾಡುವ ಗಂಡಸರು 97 ನಿಮಿಷ. ಗಂಡಸರಲ್ಲಿ ಹೆಚ್ಚಿನವರು ಮಾಡುವುದೇ ಇಲ್ಲ. ಲೆಕ್ಕದ ಮನುಷ್ಯನಾದ ನನಗೆ ಇಂಥ ಅಂಕಿ ಇಷ್ಟ, ಅದು ಬೇಕು ಕೂಡ. ಆದರೆ ಯಾವ ಬಾಗಿಲಿನಿಂದ ಬಂದಿರಿ, ಯಾವ ಲೋಟದಲ್ಲಿ ಕುಡಿದಿರಿ, ನಿಮ್ಮನ್ನು 'ಬಾ' ಎಂದರೋ 'ಬನ್ನಿ' ಎಂದರೋ ಎಂದು ಆ ಫಾರಂ ಕೇಳುವುದಿಲ್ಲ. ಅದನ್ನು ತಿಳಿಯಲು ಬಾಗಿಲ ಬಳಿ ಕೂರಬೇಕು. ಶ್ರೀನಿವಾಸರು ಕೂತರು. ಹಾಗೆ ಕೂತು ಬರೆದವರೂ ಊರಿನ ಮುಖಂಡರ ಮನೆಯ ಕಡೆಯಿಂದ ನೋಡಿದವರು. ತನ್ನದು ಮೇಲ್ಜಾತಿಯ ಕಡೆಯ ನೋಟ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಹಾಗಾದರೆ ನನ್ನಂಥವನ ಕಣ್ಣಿಗೆ ಇನ್ನೂ ಏನೇನು ಬಿದ್ದಿಲ್ಲವೋ!

ಈಗ ಆ ದೊಡ್ಡ ಲೋಟ ಅಡುಗೆಮನೆಯ ಸ್ಟ್ಯಾಂಡಿನಲ್ಲಿದೆ. ಗೌರಮ್ಮ ಅದರಲ್ಲೇ ಚಹಾ ಕುಡಿಯುತ್ತಾರೆ, ಆದರೆ ಇನ್ನೂ ಹಿತ್ತಲ ಕಟ್ಟೆಯ ಮೇಲೆಯೇ ಕೂತು. ಅಲ್ಲಿ ಗಾಳಿ ಬರುತ್ತದೆ ಎನ್ನುತ್ತಾರೆ. ಅದು ಗಾಳಿಗೋ, ಹನ್ನೊಂದು ವರ್ಷದ ಅಭ್ಯಾಸಕ್ಕೋ ನಾನು ಹೇಳಲಾರೆ. ನನ್ನ ಬಾಯಿಂದ ಆಗಾಗ 'ಬಾ' ಎಂದೇ ಬರುತ್ತದೆ, ತಿದ್ದಿಕೊಳ್ಳುತ್ತೇನೆ. ಅವರ ಮಗಳ ಕಾಲೇಜಿನ ಅರ್ಜಿಯ ವಿಷಯ ಮಾತಾಡಿದ್ದೇವೆ. ಅವಳು ಬರಬೇಕಾದರೆ ಅವಳ ಅಜ್ಜಿಯ ಬಳಿ ಬೆಳಿಗ್ಗೆ ಯಾರಿರಬೇಕು ಎಂಬುದು ಇನ್ನೂ ಬಗೆಹರಿದಿಲ್ಲ. ಲೆಕ್ಕ ತಾಳೆಯಾಗಿಲ್ಲ.

ಇದನ್ನು ಅಚ್ಚಿಗೆ ಕಳಿಸುವ ಮುಂಚೆ ಗೌರಮ್ಮನವರಿಗೆ ಪೂರ್ತಿ ಓದಿ ಹೇಳಿದೆ. ಹೆಸರು ಬದಲಿಸಲೇ ಎಂದು ಕೇಳಿದೆ. "ಗೌರಮ್ಮ ಅಂತ ಬರೀರಿ, ನಮ್ಮಜ್ಜಿ ಹೆಸರು" ಎಂದರು.

ಈ ವಾರದ ಕೆಲಸ. ಮಕ್ಕಳೇ, ನಿಮ್ಮ ಮನೆಯ ಒಂದು ಬಾಗಿಲನ್ನು ಆರಿಸಿಕೊಳ್ಳಿ. ಒಂದು ದಿನ ಅಲ್ಲಿ ಬಂದವರು ಯಾರು, ಅವರನ್ನು ಯಾರು ಹೇಗೆ ಕರೆದರು, ಕೂರಲು ಹೇಳಿದರೋ ಇಲ್ಲವೋ ಬರೆಯಿರಿ. ತೀರ್ಪು ಬರೆಯಬೇಡಿ. ನನ್ನ ವಾರಿಗೆಯವರೇ, ಮೊಮ್ಮಕ್ಕಳು ಬರೆದದ್ದನ್ನು ಓದಿ ಸಿಟ್ಟು ಬಂದರೆ ಒಂದು ಲೋಟ ನೀರು ಕುಡಿದು ಇನ್ನೊಮ್ಮೆ ಓದಿ. ಬರೆದದ್ದನ್ನು ನನಗೆ ಕಳಿಸುವುದು ಬೇಡ. ಯಾರ ಬಗ್ಗೆ ಬರೆದಿದ್ದೀರೋ ಅವರ ಪಕ್ಕ ಕೂತು, ಅವರಿಗೇ ಮೊದಲು ಓದಿ ಹೇಳಿ.